ಅಮಾವಾಸ್ಯೆ ಕಳೆದ ಮೇಲೆ ಸರ್ವರ್

"ಹಳೇ ಮೇಲ್ ಸರ್ವರ್ ಓಡ್ತಾನೇ ಇದೆಯಲ್ರೀ, ಹೊಸದ್ಯಾಕೆ?" ಶಿವಮೊಗ್ಗದ ಸಾಹೇಬರು ಕೇಳಿದರು.

"ಭದ್ರಾವತಿ ಕಬ್ಬಿಣದ ಕಾರ್ಖಾನೇನೂ ಓಡ್ತಾನೇ ಇತ್ತು ಸಾರ್, 1923ರಿಂದ. ಓಡುತ್ತೆ ಅಂತ ಬಂಡವಾಳ ಹಾಕಲಿಲ್ಲ. 2023ರಲ್ಲಿ ಬೀಗ ಹಾಕೋ ಮಾತು ಬಂತು."

"ಸರಿ, ಅಮಾವಾಸ್ಯೆ ಕಳೀಲಿ, ಒಂದೇ ರಾತ್ರೀಲಿ ಎತ್ತಿಟ್ಟುಬಿಡಿ. ಆದ್ರೆ ನಡುವೆ ಬಂದ ಮೇಲ್ ಕಳೆದುಹೋದ್ರೆ?"

"ಅದು ಕಳೆಯಲ್ಲ. ನಮ್ಮ ಸರ್ವರ್ ಸಿಗದಿದ್ರೆ ಕಳಿಸಿದವರ ಸರ್ವರ್ ನಾಲ್ಕೈದು ದಿನ ಮತ್ತೆ ಮತ್ತೆ ಕಳಿಸಿ ನೋಡ್ಬೇಕು ಅನ್ನೋದು ಇಮೇಲ್‌ನ ಮೂಲ ನಿಯಮ. ಕಳೆಯೋದು ನಮ್ಮ ಅವಸರಕ್ಕೆ. ಎರಡು ದಿನ ಮೊದಲೇ ಡಿಎನ್‌ಎಸ್‌ನ ಟಿಟಿಎಲ್, ಅಂದ್ರೆ ಬೇರೆ ಸರ್ವರ್‌ಗಳು ನಮ್ಮ ವಿಳಾಸ ನೆನಪಿಟ್ಕೊಳ್ಳೋ ಅವಧಿ, 300 ಸೆಕೆಂಡಿಗೆ ಇಳಿಸ್ಬೇಕು. ಹಳೇ ಪತ್ರಗಳನ್ನೆಲ್ಲ ಮುಂಚೆಯೇ ನಕಲು ಮಾಡಿ, ಬದಲಾದ ಮೇಲೆ ಉಳಿದಷ್ಟನ್ನು ಎಳ್ಕೋಬೇಕು. ಹಳೇ ಯಂತ್ರವನ್ನ ಕೂಡಲೇ ಆರಿಸ್ಬಾರ್ದು."

"ಬ್ಯಾಕಪ್ ಇದೆಯಲ್ಲ?"

"ಇದೆ ಸಾರ್. ತೆರೆದು ನೋಡಿದವರಿಲ್ಲ."

"ಹಂಗಾದ್ರೆ ಪ್ರಸ್ತಾವ ಕಳಿಸಿ. ಮೇಲ್‌ನಲ್ಲಿ ಬೇಡ, ಫೈಲ್‌ನಲ್ಲಿ."

ಫೈಲ್ ಈಗ ಖರೀದಿ ಶಾಖೆಯಲ್ಲಿದೆ.