ಎಲ್ಲರಿಗೂ ಒಂದೇ ಉತ್ತರ ಕೊಡುವ ಮಹಾಶಯರು

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಪಿವಿಎಸ್ ವೃತ್ತದಿಂದ ಬಂಟ್ಸ್ ಹಾಸ್ಟೆಲ್ ತನಕ ಯಾವ ಕಟ್ಟಡದ ಮೂರನೇ ಮಾಳಿಗೆ ಹತ್ತಿದರೂ ಈ ಮಹಾಶಯರು ಸಿಕ್ಕಾರು. ಹುದ್ದೆ ಬ್ಯಾಕೆಂಡ್ ಇಂಜಿನಿಯರ್, ಧರ್ಮ ಸಮಾನತೆ. ಸರ್ವರಿನ ಬಾಗಿಲಿಗೆ ಬ್ರೌಸರ್ ಬರಲಿ, ಮೊಬೈಲ್ ಆ್ಯಪ್ ಬರಲಿ, ಇವರು ಕೊಡುವುದು ಒಂದೇ ಉತ್ತರ. ಆ್ಯಪ್ ಬರೆಯುವ ಹುಡುಗಿ ಬಂದು "ಸರ್, ಲಾಗಿನ್ ಅವಧಿ ಮುಗಿದ ಕೂಡಲೇ ಆ್ಯಪ್ ಕ್ರ್ಯಾಶ್ ಆಗ್ತದೆ" ಎಂದರೆ ಕುರ್ಚಿಯನ್ನೂ ತಿರುಗಿಸದೆ "ಬ್ರೌಸರಲ್ಲಿ ಸರಿ ಬರ್ತದಲ್ಲ ಮಾರಾಯ್ತಿ, ನಿನ್ನ ಕೋಡ್ ಒಮ್ಮೆ ನೋಡು" ಎನ್ನುತ್ತಾರೆ. ಬ್ರೌಸರಿನಲ್ಲಿ ಸರಿ ಬರುವುದು ನಿಜ. ಅವಧಿ ಮುಗಿದವರಿಗೆಲ್ಲ ಸರ್ವರ್ ಅಂದವಾದ ಎಚ್‌ಟಿಎಂಎಲ್ ಲಾಗಿನ್ ಪುಟ ಕಳಿಸುತ್ತದೆ, ಬ್ರೌಸರ್ ಅದನ್ನು ತೋರಿಸುತ್ತದೆ. ಆ್ಯಪ್ ಕಾದು ಕೂತದ್ದು ಜೇಸನ್ ಎಂಬ ದತ್ತಾಂಶ ರೂಪಕ್ಕೆ. ಪುಷ್ಪಾವರಣ ಇರಬೇಕಾದ ಜಾಗದಲ್ಲಿ '<' ಎಂಬ ಮೊನೆ ಕಂಡದ್ದೇ ಅದು ಅಲ್ಲಿಯೇ ಅಡ್ಡ ಬೀಳುತ್ತದೆ.

ಇದು ಅಜ್ಞಾನವಲ್ಲ ಎಂಬುದಕ್ಕೆ ಸಾಕ್ಷಿ ಮಹಾಶಯರ ನಾಲಿಗೆಯೇ. ಬಸ್ಸಿನ ಕಂಡಕ್ಟರಿಗೆ ತುಳು, ಹಣ್ಣಿನಂಗಡಿಯಲ್ಲಿ ನಾಲ್ಕು ಮಾತು ಬ್ಯಾರಿ, ಮನೆಯಿಂದ ಫೋನ್ ಬಂದರೆ ಕೊಂಕಣಿ, ಘಟ್ಟದ ಮೇಲಿನ ಗಿರಾಕಿಗೆ ಪುಸ್ತಕದ ಕನ್ನಡ. ಅಪರಿಚಿತರಿಗೆ ಮೊದಲು "ಎಂಚ ಉಲ್ಲರ್?" ಎಸೆದು, ಎದುರಿನ ಮುಖ ಅರಳದಿದ್ದರೆ ಆ ಕ್ಷಣವೇ ಕನ್ನಡಕ್ಕೆ ಇಳಿಯುತ್ತಾರೆ. 1997ರ ಎಚ್‌ಟಿಟಿಪಿ 1.1 ನಿಯಮಾವಳಿ ಸರ್ವರಿಗೆ ಹೇಳಿಕೊಟ್ಟದ್ದೂ ಇದನ್ನೇ. ಕೇಳುವವನು 'ಆ್ಯಕ್ಸೆಪ್ಟ್' ಎಂಬ ಹೆಡರಿನಲ್ಲಿ ತನಗೆ ಯಾವ ರೂಪ ಬೇಕು, ಅದಿಲ್ಲದಿದ್ದರೆ ಯಾವುದು ನಡೆದೀತು ಎಂದು ಸೊನ್ನೆಯಿಂದ ಒಂದರೊಳಗೆ ಅಂಕ ಹಾಕಿ ಕಳಿಸಬಹುದು. ಯಾವುದೂ ಆಗದಿದ್ದರೆ 406 ಎಂದು ಹೇಳಿ ಕೈಮುಗಿಯುವ ದಾರಿಯೂ ಇದೆ. ಮಹಾಶಯರ ಸರ್ವರ್ ಆ ಹೆಡರನ್ನು ಓದುವುದೇ ಇಲ್ಲ.

ಅವರ ವಾದವನ್ನೂ ಕೇಳಬೇಕು. ಎರಡು ರೂಪ ಕೊಟ್ಟರೆ ಎರಡು ಕಡೆ ರಿಪೇರಿ, ಇಂದು ಇಲ್ಲಿ ತಿದ್ದಿದ್ದು ನಾಳೆ ಅಲ್ಲಿ ಮರೆಯುತ್ತದೆ, ಎರಡು ಸತ್ಯಗಳು ಹುಟ್ಟಿಕೊಳ್ಳುತ್ತವೆ ಎನ್ನುತ್ತಾರೆ. ಅರ್ಧ ನ್ಯಾಯವಾದ ಮಾತು. ಲೆಕ್ಕಾಚಾರವನ್ನೇ ಎರಡು ಸಲ ಬರೆದರೆ ಹಾಗೆಯೇ ಆಗುತ್ತದೆ. ಆದರೆ ಎರಡಾಗಬೇಕಾದದ್ದು ಕೊನೆಯ ಹೊದಿಕೆ ಮಾತ್ರ, ಒಳಗಿನ ವಿಷಯವಲ್ಲ. ಕೊಡಿಯಾಲ್‌ಬೈಲಿನಲ್ಲೇ ಬಿಷಪ್ಪರ ನಿವಾಸವಿರುವ ಮಂಗಳೂರು ಧರ್ಮಪ್ರಾಂತ 1938ರಿಂದ 'ರಾಕ್ಣೊ' ವಾರಪತ್ರಿಕೆಯ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುತ್ತ ಬಂದಿದೆ, ಗೋವಾದ ಕ್ರೈಸ್ತರು ಅದೇ ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಓದುತ್ತಾರೆ. ಲಿಪಿ ಎರಡಾಯಿತೆಂದು ಭಾಷೆ ಒಡೆದುಹೋಗಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಬಂದವರು ಯಾರೆಂದು ಗುರುತಿಸುವುದು ಹೇಗೆ? ಯೂಸರ್ ಏಜೆಂಟ್ ನೋಡಿ ಎಂದರೆ ಮಹಾಶಯರು ನಗುತ್ತಾರೆ, ನಗಬೇಕಾದ್ದೇ. ಕ್ರೋಮೂ ಮೊಜಿಲ್ಲಾ, ಸಫಾರಿಯೂ ಮೊಜಿಲ್ಲಾ. ತೊಂಬತ್ತರ ದಶಕದಿಂದ ಬ್ರೌಸರುಗಳೆಲ್ಲ ಆ ಒಂದೇ ಕುಲನಾಮ ಹೇಳಿಕೊಂಡು ಬದುಕುತ್ತಿವೆ. ಅದಕ್ಕೇ ಹೆಸರು ಕೇಳಬೇಡಿ, ಬೇಕಾದ್ದೇನೆಂದು ಕೇಳಿ ಎನ್ನುವುದು. ಜೊತೆಗೆ 'ವೇರಿ' ಹೆಡರನ್ನೂ ಸೇರಿಸಿ ಕಳಿಸಬೇಕು, ಇಲ್ಲದಿದ್ದರೆ ನಡುದಾರಿಯ ಕ್ಯಾಶ್ ಬ್ರೌಸರಿನ ಪುಟವನ್ನು ಎತ್ತಿ ಆ್ಯಪಿನ ಕೈಗಿಡುತ್ತದೆ.

ರೂಪ ಸರಿಹೋದರೂ ಗಾತ್ರದ ತಕರಾರು ಉಳಿಯುತ್ತದೆ. ಫೋನಿನ ಪಟ್ಟಿಗೆ ಬೇಕಾದದ್ದು ಹೆಸರು, ದರ, ಒಂದು ಚಿತ್ರ. ಇವರು ಕಳಿಸುವುದು ಸರಬರಾಜುದಾರನ ಜಿಎಸ್‌ಟಿ ಸಂಖ್ಯೆ ಸಮೇತ ಇಡೀ ಜಾತಕ, ಅದೂ ಶಿರಾಡಿ ಘಾಟಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡವನಿಗೆ. ನೆಟ್‌ಫ್ಲಿಕ್ಸ್ 2012ರಲ್ಲೇ ಎಲ್ಲ ಸಾಧನಗಳಿಗೂ ಒಂದೇ ಎಪಿಐ ಎಂಬ ಪದ್ಧತಿ ಬಿಟ್ಟಿತು. ಫೇಸ್‌ಬುಕ್ ಅದೇ ವರ್ಷ ತನ್ನ ಮೊಬೈಲ್ ಆ್ಯಪಿಗಾಗಿ, ಬೇಕಾದ್ದನ್ನಷ್ಟೇ ಕೇಳಿ ಪಡೆಯುವ ಗ್ರಾಫ್‌ಕ್ಯೂಎಲ್ ಕಟ್ಟಿಕೊಂಡು 2015ರಲ್ಲಿ ಜಗತ್ತಿಗೆ ಬಿಟ್ಟುಕೊಟ್ಟಿತು. ಹಾಗೆಂದು ಹತ್ತು ಜನರ ಕಚೇರಿ ನೆಟ್‌ಫ್ಲಿಕ್ಸಿನ ವೇಷ ಹಾಕಬೇಕಿಲ್ಲ. ಪ್ರತಿ ಪರದೆಗೂ ಒಂದೊಂದು ಎಪಿಐ ಹೆರುವವರು ಇನ್ನೊಂದು ಜಾತಿಯ ಮಹಾಶಯರು, ಅವರ ಕಥೆ ಬೇರೆ. ಇಲ್ಲಿಗೆ ಬೇಕಾದದ್ದು ಇಷ್ಟೇ: ಆ್ಯಪಿಗೆ ಲಾಗಿನ್ ಪುಟದ ಬದಲು 'ಮತ್ತೆ ಲಾಗಿನ್ ಆಗು' ಎನ್ನುವ 401 ಮತ್ತು ಎರಡು ಸಾಲು ಜೇಸನ್, ಪಟ್ಟಿಗೆ ತೆಳ್ಳಗಿನ ಉತ್ತರ. ಮಹಾಶಯರೇ, ಒಂದು ಮಧ್ಯಾಹ್ನದ ಕೆಲಸ. ಆ ಹುಡುಗಿಯ ಕೋಡ್ ಸರಿಯಾಗಿಯೇ ಉಂಟು.