ಕೆನಡಾ ದಾರಿಯ ಬುತ್ತಿ

ಕೆನಡಾದವರು ದೂರವನ್ನು ಗಂಟೆಗಳಲ್ಲಿ ಹೇಳುತ್ತಾರೆ. ಆ ಊರು ಎಷ್ಟು ದೂರ ಎಂದರೆ 'ಐದು ಗಂಟೆ' ಎನ್ನುತ್ತಾರೆ; ಕಿಲೋಮೀಟರ್ ರಸ್ತೆಬದಿಯ ಫಲಕಗಳಿಗೆ ಮೀಸಲು. ಪೂರ್ವದ ಸೇಂಟ್ ಜಾನ್ಸ್‌ನಿಂದ ಪಶ್ಚಿಮದ ವಿಕ್ಟೋರಿಯಾವರೆಗೆ ಹೋಗುವ ಟ್ರಾನ್ಸ್-ಕೆನಡಾ ಹೆದ್ದಾರಿ 7,000 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಟೊರೊಂಟೊ ಮಗ್ಗುಲಿನ ಬ್ರಾಂಪ್ಟನ್ನಿನಿಂದ ಪಶ್ಚಿಮಕ್ಕೆ ಹೊರಟ ಕನ್ನಡ ಕುಟುಂಬ ಬೆಳಗಿನಿಂದ ಕತ್ತಲಾಗುವವರೆಗೆ ಕಾರು ಓಡಿಸಿದರೂ ಒಂಟಾರಿಯೊ ಪ್ರಾಂತ್ಯದೊಳಗೇ ಇರುತ್ತದೆ. ಬೀದರಿನಲ್ಲಿ ಬಸ್ಸು ಹತ್ತಿದರೆ ಮರುದಿನದೊಳಗೆ ಚಾಮರಾಜನಗರ ಕಂಡುಬಿಡುವ ನಾಡಿನಿಂದ ಬಂದ ತಾತನಿಗೆ ಇದರಲ್ಲಿ ಏನೋ ಮೋಸವಿದೆ ಎನಿಸುತ್ತದೆ. ಪ್ರತಿ ಪೆಟ್ರೋಲ್ ಬಂಕಿನಲ್ಲೂ ಅವರ ಪ್ರಶ್ನೆ ಒಂದೇ: 'ಇನ್ನೂ ಒಂಟಾರಿಯೋನೇ ಏನಪ್ಪಾ?'

ಈ ಪ್ರವಾಸಗಳೆಲ್ಲ ಬೇಸಿಗೆಯಲ್ಲೇ ನಡೆಯುತ್ತವೆ. ತಾತ, ಅಜ್ಜಿ ಬರುವುದೂ ಆಗಲೇ. ತಂದೆತಾಯಿಯರಿಗೆಂದು 2011ರಲ್ಲಿ ಶುರುವಾದ ಸೂಪರ್ ವೀಸಾ 2022ರಿಂದ ಒಂದೇ ಬಾರಿಗೆ ಐದು ವರ್ಷ ಇರಲು ಅವಕಾಶ ಕೊಡುತ್ತದೆ. ಆದರೂ ಹೆಚ್ಚಿನವರು ಮೊದಲ ಹಿಮ ಬೀಳುವ ಹೊತ್ತಿಗೆ ಊರಿನ ತೋಟ, ಸೊಂಟನೋವು, ಯಾರದೋ ಮನೆಯ ಮದುವೆ ಎಂದು ನೆನಪು ಮಾಡಿಕೊಂಡು ವಿಮಾನ ಹತ್ತುತ್ತಾರೆ. ಅಷ್ಟರೊಳಗೆ ಅವರಿಗೆ ಕೆನಡಾವನ್ನೆಲ್ಲ ತೋರಿಸಿ ಮುಗಿಸಬೇಕು.

ಹೊರಡುವ ಹಿಂದಿನ ದಿನ ಡಿಕ್ಕಿ ತುಂಬುತ್ತದೆ: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ, ಉಪ್ಪಿನಕಾಯಿ, ಸಣ್ಣದೊಂದು ರೈಸ್ ಕುಕ್ಕರ್. ಇಲ್ಲಿ ಅನುಭವಸ್ಥರ ನಿಯಮವೊಂದಿದೆ: ಒಗ್ಗರಣೆ ಕೆಲಸವೆಲ್ಲ ಮನೆಯಲ್ಲೇ ಮುಗಿದಿರಬೇಕು. ಮೋಟೆಲ್ ಕೋಣೆಯ ಹೊಗೆ ಗಂಟೆ ಅನ್ನವನ್ನು ಸಹಿಸಿಕೊಳ್ಳುತ್ತದೆ, ಸಾಸಿವೆ ಇಂಗನ್ನು ಸಹಿಸುವುದಿಲ್ಲ.

ದಾರಿಯ ಮೊದಲ ನಿಲುಗಡೆ ಬಹುಮಟ್ಟಿಗೆ ಟಿಮ್ ಹಾರ್ಟನ್ಸ್. ಅದೇ ಹೆಸರಿನ ಐಸ್ ಹಾಕಿ ಆಟಗಾರ 1964ರಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಆರಂಭಿಸಿದ ಈ ಅಂಗಡಿಯನ್ನು ಜನ ಅಕ್ಕರೆಯಿಂದ 'ಟಿಮ್ಮೀಸ್' ಎನ್ನುತ್ತಾರೆ. ಇಲ್ಲಿ ಕಲಿಯಬೇಕಾದ ಮೊದಲ ಪಾಠ 'ಡಬಲ್ ಡಬಲ್', ಅಂದರೆ ಎರಡು ಪಾಲು ಕೆನೆ, ಎರಡು ಪಾಲು ಸಕ್ಕರೆ ಹಾಕಿದ ಕಾಫಿ. ಈ ನುಡಿಗಟ್ಟು 2004ರಲ್ಲಿ ಕೆನೇಡಿಯನ್ ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು. ಬೆಂಗಳೂರಿನ ದರ್ಶಿನಿಗಳಲ್ಲಿ ಜೀವಮಾನವಿಡೀ ಬೈಟು ಹೇಳಿ ಒಂದನ್ನು ಎರಡು ಮಾಡಿ ಕುಡಿದವರಿಗೆ, ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಳ್ಳುವ ಈ ಲೆಕ್ಕ ಒಗ್ಗಲು ಸ್ವಲ್ಪ ಸಮಯ ಬೇಕು. ಅಜ್ಜಿ ಒಂದು ಗುಟುಕು ಕುಡಿದು 'ಡಿಕಾಕ್ಷನ್ ಎಲ್ಲಿ ಹೋಯಿತು?' ಎಂದು ಕೇಳುತ್ತಾರೆ. ಎರಡನೆಯ ವಾರ ಅವರೇ 'ಆ ಡಬಲ್ದೇ ಇರಲಿ' ಎನ್ನುತ್ತಾರೆ.

ಒಂಟಾರಿಯೊ ಮನೆಗಳ ಹಾಲು ಮಾತ್ರ ಬಂದವರನ್ನು ಮೊದಲ ದಿನವೇ ಒಲಿಸಿಕೊಳ್ಳುತ್ತದೆ, ಏಕೆಂದರೆ ಅದು ಪ್ಯಾಕೆಟ್ಟಿನಲ್ಲಿ ಬರುತ್ತದೆ. ನಾಲ್ಕು ಲೀಟರಿನ ದೊಡ್ಡ ಚೀಲದೊಳಗೆ ಮೂರು ಸಣ್ಣ ಚೀಲಗಳು; ಒಂದನ್ನು ಜಗ್ಗಿನಲ್ಲಿ ಕೂರಿಸಿ ಮೂಲೆ ಕತ್ತರಿಸಿದರೆ ಆಯಿತು. ನಂದಿನಿ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಳಗಿದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಿಸದೆ ಕುಡಿಯಬಹುದು ಎಂಬ ಮಾತನ್ನು ಮಾತ್ರ ಯಾವ ಅಜ್ಜಿಯೂ ಈವರೆಗೆ ಒಪ್ಪಿದಂತಿಲ್ಲ. ಕ್ವಿಬೆಕ್ ಮತ್ತು ಅಟ್ಲಾಂಟಿಕ್ ತೀರದ ಕಡೆಗೂ ಚೀಲದ ಹಾಲು ಉಂಟು. ಪಶ್ಚಿಮದವರು ಡಬ್ಬಿ, ಕ್ಯಾನುಗಳಲ್ಲಿ ಕೊಂಡು ಪೂರ್ವದವರ ಚೀಲವನ್ನು ಕಂಡು ನಗುತ್ತಾರೆ.

ವಿದ್ಯುತ್ ಬಿಲ್ಲಿನ ಕತೆ ಇನ್ನೂ ಸೊಗಸು. ಒಂಟಾರಿಯೊದಲ್ಲಿ ಅದು 'ಹೈಡ್ರೊ ಬಿಲ್'. ಜಲವಿದ್ಯುತ್ತಿನ ಕಾಲದಲ್ಲಿ ಹುಟ್ಟಿದ ಒಂಟಾರಿಯೊ ಹೈಡ್ರೊ ಎಂಬ ಸಂಸ್ಥೆಯನ್ನು 1999ರಲ್ಲಿ ಒಡೆದು ಬೇರೆ ಬೇರೆ ಕಂಪನಿ ಮಾಡಿದರು, ಜನರ ಬಾಯಲ್ಲಿ ಹೆಸರು ಹಾಗೇ ಉಳಿಯಿತು. ಅದೇ 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯೂ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ ಬಂತು. ತಾತ ಇಂದಿಗೂ ಕಟ್ಟುವುದು ಕೆಇಬಿ ಬಿಲ್ಲನ್ನೇ. ಸತ್ತ ಮಂಡಳಿಗಳಿಗೆ ತಪ್ಪದೆ ಹಣ ಕಟ್ಟುವ ಈ ಎರಡು ನಾಡುಗಳ ಹಿರಿಯರು ಭಾಷೆ ಬಾರದಿದ್ದರೂ ಬೇಲಿಯ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲರು.

ಮಾತಿಗೆ ಮುಂಚೆ 'ಸಾರಿ' ಹೇಳುವುದು ದೇಶದುದ್ದಕ್ಕೂ ಇರುವ ಪದ್ಧತಿ. ಕಾಲು ತುಳಿಸಿಕೊಂಡವರೂ ತುಳಿದವರಿಗೆ ಹೇಳುತ್ತಾರೆ. ಇದು ಎಷ್ಟು ಮುಂದುವರಿಯಿತೆಂದರೆ, ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತೆ ಅಲ್ಲ ಎಂದು ಬ್ರಿಟಿಷ್ ಕೊಲಂಬಿಯಾ 2006ರಲ್ಲಿ, ಒಂಟಾರಿಯೊ 2009ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಪಾರ್ಕಿಂಗಿನಲ್ಲಿ ಕಾರಿಗೆ ಕಾರು ತಾಗಿದಾಗ ಇಬ್ಬರು ಚಾಲಕರೂ ಇಳಿದು ಒಬ್ಬರಿಗೊಬ್ಬರು ಸಾರಿ ಹೇಳಿಕೊಳ್ಳುವುದನ್ನು ನೋಡಿ ತಾತನಿಗೆ ನಿರಾಸೆಯಾಗುತ್ತದೆ. ಸುತ್ತ ಹತ್ತು ಜನ ಸೇರಿ ತೀರ್ಪು ಕೊಡದ ಅಪಘಾತವೂ ಒಂದು ಅಪಘಾತವೇ?

ಕ್ವಿಬೆಕ್ ಗಡಿ ದಾಟಿದೊಡನೆ ಫಲಕಗಳು ಫ್ರೆಂಚ್ ಆಗುತ್ತವೆ. 'ಸ್ಟಾಪ್' ಇದ್ದಲ್ಲಿ 'ಅರೆ' ಎಂದಿರುತ್ತದೆ. 1977ರ ಭಾಷಾ ಕಾನೂನು ಫ್ರೆಂಚಿಗೆ ಅಂಗಡಿ, ಕಚೇರಿ, ಶಾಲೆಗಳಲ್ಲಿ ಮೊದಲ ಸ್ಥಾನ ಕೊಟ್ಟಿತು. ಮಾಂಟ್ರಿಯಲ್ ಅಂಗಡಿಗಳಲ್ಲಿ 'ಬೊಂಜೂರ್-ಹಾಯ್' ಎಂದು ಎರಡೂ ಭಾಷೆ ಸೇರಿಸಿ ಸ್ವಾಗತಿಸುವ ರೂಢಿ ಬೆಳೆದಾಗ, ಬರಿಯ ಬೊಂಜೂರ್ ಸಾಕು ಎಂದು ಅಲ್ಲಿನ ಶಾಸನಸಭೆ 2017ರಲ್ಲಿ ಅವಿರೋಧವಾಗಿ ನಿರ್ಣಯ ಮಾಡಿತು. ಕರ್ನಾಟಕದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡವಿರಬೇಕು ಎಂಬ 2024ರ ಕಾನೂನನ್ನು ಪತ್ರಿಕೆಯಲ್ಲಿ ಓದಿ ಬಂದ ತಾತ ಇಲ್ಲಿ ಕಾರಿನಿಂದಿಳಿದು ಪ್ರತಿ ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಯಾಗರದ ಮುಂದೆ ತೆಗೆಸಿಕೊಂಡದ್ದಕ್ಕಿಂತ ಅವೇ ಹೆಚ್ಚು.

ಕ್ವಿಬೆಕ್‌ನ ಹೆಮ್ಮೆಯ ತಿನಿಸು ಪೂಟೀನ್. 1950ರ ದಶಕದಲ್ಲಿ ಅಲ್ಲಿನ ಹಳ್ಳಿಗಾಡಿನಲ್ಲಿ ಹುಟ್ಟಿದ್ದು. ವಾರ್ವಿಕ್ ಮತ್ತು ಡ್ರಮಂಡ್‌ವಿಲ್ ಎರಡೂ ಊರಿನವರು ತಮ್ಮದೆನ್ನುತ್ತಾರೆ. ಬಿಸಿ ಫ್ರೆಂಚ್ ಫ್ರೈಸ್, ಕಚ್ಚಿದರೆ ಕಿರ್ರೆನ್ನುವ ಎಳೆ ಚೀಸಿನ ತುಂಡುಗಳು, ಮೇಲೆ ಕಂದು ಬಣ್ಣದ ಗ್ರೇವಿ. ಸಸ್ಯಾಹಾರಿ ಕುಟುಂಬದ ಸಂಕಟವೆಲ್ಲ ಆ ಗ್ರೇವಿಯಲ್ಲಿದೆ, ಏಕೆಂದರೆ ಅದು ಸಾಮಾನ್ಯವಾಗಿ ಮಾಂಸದ ಸಾರಿನದು. ಹಾಗಾಗಿ ಸೊಸೆ ಕೌಂಟರಿನಲ್ಲಿ ತನಿಖೆ ನಡೆಸುತ್ತಾಳೆ, ಮಾರುವವರು ಮೂರು ಸಲ ಸಾರಿ ಹೇಳುತ್ತಾರೆ, ಕೊನೆಗೆ ಗ್ರೇವಿ ಬಿಟ್ಟು ಫ್ರೈಸ್ ಚೀಸ್ ಬರುತ್ತದೆ. ಅದರ ಮೇಲೆ ಚಟ್ನಿಪುಡಿ ಬೀಳುತ್ತದೆ. ಇದನ್ನು ಪೂಟೀನ್ ಎಂದು ಕರೆದರೆ ಕ್ವಿಬೆಕ್‌ನವರು ಬೇಸರಿಸಿಕೊಳ್ಳಬಹುದು, ರುಚಿಯ ಬಗ್ಗೆ ತಕರಾರಿಲ್ಲ. ಮೇಪಲ್ ಪಾಕಕ್ಕೆ ಇಂಥ ತೊಡಕಿಲ್ಲ. ಮರದಿಂದ ಇಳಿಸಿದ ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿಗುವ ಅದನ್ನು ಅಜ್ಜಿ ನೀರುದೋಸೆಗೆ ಹಚ್ಚಿ ನೋಡಿ, ಜೋನಿಬೆಲ್ಲದ ದೂರದ ನೆಂಟ ಎಂದು ಒಪ್ಪಿಕೊಳ್ಳುತ್ತಾರೆ.

ಪಶ್ಚಿಮದ ದಾರಿಯಲ್ಲಿ ನೋಡತಕ್ಕವು ದೊಡ್ಡ ದೊಡ್ಡ ವಸ್ತುಗಳು. ಸಡ್ಬರಿಯಲ್ಲಿ 9 ಮೀಟರ್ ಎತ್ತರದ ನಿಕ್ಕಲ್ ನಾಣ್ಯ, ವಾವಾದಲ್ಲಿ ಹೆಬ್ಬಾತು, ಆಲ್ಬರ್ಟಾದ ವೆಗ್ರೆವಿಲ್‌ನಲ್ಲಿ ಬಣ್ಣ ಬಳಿದ ಭಾರಿ ಮೊಟ್ಟೆ. ನಡುನಡುವೆ ಮಾತು ಬದಲಾಗುತ್ತದೆ. ಒಂಟಾರಿಯೊದವರ ಬೇಸಿಗೆ ಮನೆ 'ಕಾಟೇಜ್', ಪಶ್ಚಿಮದವರದು 'ಕ್ಯಾಬಿನ್', ಉತ್ತರ ಒಂಟಾರಿಯೊದವರದು 'ಕ್ಯಾಂಪ್'. ಸಸ್ಕಾಚೆವನ್ನಿನಲ್ಲಿ ಹೂಡಿ ಅಂಗಿಗೆ 'ಬನ್ನಿ ಹಗ್' ಎನ್ನುತ್ತಾರೆ. ಬಹುಮಹಡಿ ಪಾರ್ಕಿಂಗಿಗೆ ಪಶ್ಚಿಮದಲ್ಲಿ 'ಪಾರ್ಕೇಡ್'. ಧಾರವಾಡ, ಮಂಗಳೂರು, ಮೈಸೂರುಗಳ ನಡುವೆ ಸೊಸೆ ತಂದುಕೊಂಡ ಬಳಗಕ್ಕೆ ಇದೇನೂ ಹೊಸತಲ್ಲ.

ಉಚ್ಚಾರಣೆಯ ಪರೀಕ್ಷೆ ಕಾರಿನೊಳಗೇ ನಡೆಯುತ್ತದೆ. ಬರೆದದ್ದನ್ನೆಲ್ಲ ಓದುವ ಶಿಸ್ತಿನಲ್ಲಿ ಬೆಳೆದ ಕನ್ನಡಿಗರು 'ಟೊರೊಂಟೊ' ಎಂದು ಒಂದಕ್ಷರ ಬಿಡದೆ ಹೇಳುತ್ತಾರೆ. ಅಲ್ಲೇ ಹುಟ್ಟಿದ ಮೊಮ್ಮಗಳು ಎರಡನೆಯ ಟಕಾರವನ್ನು ನುಂಗಿ 'ಟ್ರಾನೊ' ಎನ್ನುತ್ತಾಳೆ, ವಾಕ್ಯದ ಕೊನೆಗೊಂದು 'ಎ' ಸೇರಿಸುತ್ತಾಳೆ. 'ನೀರು ಕೊಡು' ಎಂಬುದನ್ನು ಮಾತ್ರ ಅಜ್ಜಿಯ ಮೈಸೂರು ರಾಗದಲ್ಲೇ ಹೇಳುತ್ತಾಳೆ. ತುಮಕೂರು ಜಿಲ್ಲೆಯ ಸಿರಾ ಸೀಮೆಯಿಂದ ಹೋಗಿ ಆಗ ಸಂಸದರಾಗಿದ್ದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ವಿಡಿಯೊ ಪ್ರತಿ ಪ್ರವಾಸದಲ್ಲೂ ಒಮ್ಮೆಯಾದರೂ ಕಾರಿನಲ್ಲಿ ಓಡುತ್ತದೆ.

ಎಲ್ಲಕ್ಕಿಂತ ರುಚಿಯಾದ ಮಾತು ಇರುವುದು ಪೂರ್ವದ ತುದಿಯ ನ್ಯೂಫೌಂಡ್‌ಲ್ಯಾಂಡಿನಲ್ಲಿ. 1949ರಲ್ಲಷ್ಟೇ ಕೆನಡಾ ಸೇರಿದ ಈ ದ್ವೀಪಕ್ಕೆ ಐರ್ಲೆಂಡ್ ಮತ್ತು ನೈಋತ್ಯ ಇಂಗ್ಲೆಂಡಿನಿಂದ ಬಂದ ಬೆಸ್ತರ ಮಾತು ಎಷ್ಟು ಬೇರೆಯಾಗಿ ಬೆಳೆಯಿತೆಂದರೆ, 1982ರಲ್ಲಿ ಅದಕ್ಕೆಂದೇ ಪ್ರತ್ಯೇಕ ನಿಘಂಟು ಬಂತು. ಹೇಗಿದ್ದೀರಿ ಎನ್ನಲು 'ವಾಡ್ಯಾ ಆಟ್' ಎನ್ನುತ್ತಾರೆ, ಮಾತುಮಾತಿಗೂ ಗೆಳೆಯರನ್ನು 'ಬೈ' ಎನ್ನುತ್ತಾರೆ. ಇಷ್ಟು ನಗುನಗುತ್ತಾ ಯಾರನ್ನು ಬೈಯಲು ಹೇಳುತ್ತಿದ್ದಾರೆ ಎಂಬುದು ಅಜ್ಜಿಯ ಅನುಮಾನ. ಹೊರಗಿನವರನ್ನು ತಮ್ಮವರನ್ನಾಗಿ ಮಾಡಿಕೊಳ್ಳುವ 'ಸ್ಕ್ರೀಚ್-ಇನ್' ಎಂಬ ಶಾಸ್ತ್ರವೂ ಇದೆ. ಅದರಲ್ಲಿ ರಮ್ ಕುಡಿದು ಕಾಡ್ ಮೀನಿಗೆ ಮುತ್ತಿಡಬೇಕು. ಮುತ್ತು ಕೊಟ್ಟರೆ ತಿಂದಂತೆ ಆಗುತ್ತದೆಯೇ ಎಂಬ ಧರ್ಮಸೂಕ್ಷ್ಮದ ಚರ್ಚೆ ಮುಗಿಯುವುದರೊಳಗೆ ತಾತ ಮೀನಿಗೂ ಕೊಟ್ಟು, ಲೋಟವನ್ನೂ ಇಳಿಸಿರುತ್ತಾರೆ.

ಈ ದ್ವೀಪಕ್ಕೆ ಹೋಗುವವರಿಗೆ ಇನ್ನೊಂದು ಅನುಕೂಲವಿದೆ. ಕೆನಡಾದ ಆರು ಕಾಲವಲಯಗಳಲ್ಲಿ ಅರ್ಧ ಗಂಟೆಯ ಲೆಕ್ಕದಲ್ಲಿ ನಡೆಯುವುದು ಇದೊಂದೇ. ಭಾರತದ ಗಡಿಯಾರದಲ್ಲೂ ಅಂಥದೇ ಅರ್ಧ ಗಂಟೆಯಿದೆ. ಟೊರೊಂಟೊದಿಂದ ಊರಿಗೆ ಫೋನ್ ಮಾಡಲು ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಕೂಡಿಸಿ ತಲೆ ಕೆಡಿಸಿಕೊಳ್ಳಬೇಕು. ಸೇಂಟ್ ಜಾನ್ಸ್‌ನಿಂದ ಬೇಸಿಗೆಯಲ್ಲಿ ಎಂಟು, ಚಳಿಗಾಲದಲ್ಲಿ ಒಂಬತ್ತು ಗಂಟೆ ಕೂಡಿಸಿದರೆ ಸಾಕು; ನಿಮಿಷದ ಮುಳ್ಳನ್ನು ಮುಟ್ಟಬೇಕಾಗಿಲ್ಲ.