ಅಳಿಯನ ಫ್ಯಾನಿಗೆ ಮಾವನ ಕಿವಿ

ಪೀಣ್ಯದ ಆಸುಪಾಸಿನಲ್ಲಿ ಮನೆ ಮಾಡಿದವರು ಸದ್ದಿನ ಬಗ್ಗೆ ಗೊಣಗಬಾರದು. ಬಾಡಿಗೆ ಕರಾರಿನಲ್ಲಿ ಬರೆಯದಿದ್ದರೂ ಓನರು ಬೀಗದ ಕೈ ಕೊಡುವಾಗ ಹೇಳಿಯೇ ಕೊಡುತ್ತಾರೆ: “ಒಂದ್ ವಾರ ಕಷ್ಟ ಸಾರ್, ಆಮೇಲೆ ಕೇಳ್ಸೋದೇ ಇಲ್ಲ.” ಮಾತು ನಿಜ. ಬೆಳಗ್ಗೆ ಪವರ್ ಪ್ರೆಸ್ಸಿನ ಧಡ್ ಧಡ್, ನಡುವೆ ಗ್ರೈಂಡರಿನ ಕಿರ್ರ್, ಕಂಪ್ರೆಸರು ಗಾಳಿ ಬಿಡುವಾಗಿನ ಸುಸ್ಸ್, ಕರೆಂಟು ಹೋದರೆ ಶೆಡ್ಡುಗಳಲ್ಲಿ ಒಂದಾದ ಮೇಲೊಂದು ಎದ್ದೇಳುವ ಜನರೇಟರುಗಳ ಗುಡುಗು. ಇಷ್ಟರಲ್ಲೂ ನಮ್ಮ ಬೀದಿಯ ಮಕ್ಕಳು ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆಯುತ್ತಾರೆ. ಭಾನುವಾರ ಎಲ್ಲ ನಿಂತಾಗಲೇ ಅವಕ್ಕೆ ಎಚ್ಚರ.

ಕಾನೂನಿಗೂ ಈ ವಿಷಯ ಗೊತ್ತು. 2000ದ ಶಬ್ದ ಮಾಲಿನ್ಯ ನಿಯಮಗಳು ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬೆಲ್ ಮಿತಿ ಹಾಕಿವೆ. ವಸತಿ ಪ್ರದೇಶಕ್ಕೆ 55 ಮತ್ತು 45. ನಮ್ಮ ಮನೆಯ ಮುಂಬಾಗಿಲು ವಸತಿ ಪ್ರದೇಶದಲ್ಲಿದೆ, ಅಡುಗೆಮನೆಯ ಕಿಟಕಿ ಕೈಗಾರಿಕಾ ಪ್ರದೇಶಕ್ಕೆ ತೆರೆಯುತ್ತದೆ. ಒಗ್ಗರಣೆ ಹಾಕುವಾಗ ಯಾವ ನಿಯಮ ಅನ್ವಯವೋ ಯಾರೂ ಹೇಳಿಲ್ಲ.

ಇಂಥ ಮನೆಯಲ್ಲಿ ನಿದ್ದೆ ಕೆಡಿಸಿದ್ದು ಒಂದು ಫ್ಯಾನು. ಮೂರು ರೆಕ್ಕೆಯ ಸೀಲಿಂಗ್ ಫ್ಯಾನಲ್ಲ, ನನ್ನ ಕಂಪ್ಯೂಟರಿನ ಡಬ್ಬಿಯೊಳಗಿನ ಅಂಗೈಯಗಲದ್ದು. ವೈಟ್‌ಫೀಲ್ಡಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡಲು ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಮಷೀನು ಅದು. ಒಂದು ಬದಿಗೆ ಗಾಜು, ಇನ್ನೊಂದು ಬದಿಗೆ ತಗಡು, ಒಳಗೆ ಬಣ್ಣ ಬದಲಿಸುವ ದೀಪಗಳು. ದೀಪವಿಲ್ಲದ ಫ್ಯಾನು ಕೊಡಪ್ಪಾ ಎಂದರೆ ಅಂಗಡಿಯ ಹುಡುಗ, “ಅದು ಜಾಸ್ತಿ ಆಗುತ್ತೆ ಸಾರ್” ಅಂದ. ಬೆಳಕಿಲ್ಲದ್ದಕ್ಕೆ ಹೆಚ್ಚು ದುಡ್ಡು ಕೇಳುವ ವ್ಯಾಪಾರ ನಾನು ಬೇರೆಲ್ಲೂ ನೋಡಿಲ್ಲ.

ಸದ್ದು ಜೋರೇನಲ್ಲ. ತೊಂದರೆ ಬೇರೆ. ಸುಮ್ಮನಿದ್ದದ್ದು ಇದ್ದಕ್ಕಿದ್ದಂತೆ ಊಂಂಂ ಎಂದು ಏರುತ್ತದೆ, ಮೂರು ಉಸಿರು ಎಳೆಯುವಷ್ಟರಲ್ಲಿ ಇಳಿಯುತ್ತದೆ, ಮತ್ತೆ ಏರುತ್ತದೆ. ಮಲಗುವ ಕೋಣೆಯೇ ಆಫೀಸು. ರಾತ್ರಿ ಯಾವುದೋ ಬಿಲ್ಡ್ ಓಡುತ್ತಿರುತ್ತದೆ. ಪವರ್ ಪ್ರೆಸ್ಸಿಗೆ ಜಗ್ಗದ ನನ್ನ ಹೆಂಡತಿ ಎದ್ದು ಕೂತು, “ರೀ, ಅದಕ್ಕೇನು ಜ್ವರ ಬಂದಿದೆಯಾ, ಹಾಗೆ ನರಳ್ತಿದೆ?” ಎಂದಳು. ಮೀಟಿಂಗಿನಲ್ಲಿ ಮ್ಯಾನೇಜರು, “ನೀವು ಬಸ್ಸಲ್ಲಿದ್ದೀರಾ?” ಎಂದು ಕೇಳಿದರು. ಒಂದೇ ಸಮನೆ ಬರುವ ಸದ್ದನ್ನು ಮೀಟಿಂಗಿನ ಸಾಫ್ಟ್‌ವೇರು ಜಾಣತನದಿಂದ ಅಳಿಸಿಹಾಕುತ್ತದೆ. ಏರಿಳಿಯುವುದನ್ನು ಹಿಡಿಯುವುದು ಅದಕ್ಕೂ ಕಷ್ಟ. ನಮ್ಮ ಕಿವಿಯದೂ ಅದೇ ಹಣೆಬರಹ.

ಔಷಧ ಹೇಳುವವರಿಗೆ ಬೆಂಗಳೂರಿನಲ್ಲಿ ಬರವೇ? ಆದರೆ ಯಾವ ದಿಕ್ಕಿನವರು ಯಾವ ಔಷಧ ಹೇಳುತ್ತಾರೆ ಎಂಬುದನ್ನು ಮೆಟ್ರೋ ನಕ್ಷೆ ನೋಡಿಯೇ ಹೇಳಿಬಿಡಬಹುದು.

ವೈಟ್‌ಫೀಲ್ಡಿನ ಸಹೋದ್ಯೋಗಿ ಡಬ್ಬಿಯನ್ನು ಬಿಚ್ಚಲೇ ಬಿಡಲಿಲ್ಲ. ಅವನ ಪ್ರಕಾರ ಲೋಕದಲ್ಲಿ ಸ್ಕ್ರೂ ಎಂಬ ವಸ್ತುವೇ ಇಲ್ಲ. ಸ್ಕ್ರೀನ್ ಶೇರ್ ಮಾಡಿಸಿಕೊಂಡು ಒಂದು ಸಾಫ್ಟ್‌ವೇರ್ ಹಾಕಿಸಿದ. ಶಾಖಕ್ಕೊಂದು ಕೆಂಪು ಗೆರೆ, ಫ್ಯಾನಿನ ವೇಗಕ್ಕೊಂದು ನೀಲಿ ಗೆರೆ. ಗೆರೆಗಳು ಏರಿದವು, ಇಳಿದವು, ನಾವಿಬ್ಬರೂ ಮಧ್ಯಾಹ್ನವಿಡೀ ನೋಡಿದೆವು. “ಈಗ ನಮ್ಮ ಹತ್ರ ಡೇಟಾ ಇದೆ” ಎಂದು ಸಂತೋಷಪಟ್ಟ. ಸದ್ದೂ ಇತ್ತು. ಆದರೂ ಆ ಗೆರೆಗಳಿಂದ ಒಂದು ಉಪಕಾರವಾಯಿತು: ಬ್ರೌಸರಿನಲ್ಲಿ ಹೊಸ ಪುಟ ತೆರೆದರೆ ಸಾಕು, ಪ್ರೊಸೆಸರಿನ ಶಾಖ ಕಣ್ಣು ಮಿಟುಕಿಸುವಷ್ಟರಲ್ಲಿ ನಲವತ್ತೈದರಿಂದ ಎಪ್ಪತ್ತು ಡಿಗ್ರಿಗೆ ನೆಗೆದು ಅಷ್ಟೇ ಬೇಗ ಕೆಳಗೆ ಬೀಳುತ್ತಿತ್ತು. ಅದರ ಮೇಲೆ ಕೂರಿಸಿದ ಲೋಹದ ತುಂಡು ಇನ್ನೂ ಬೆಚ್ಚಗೂ ಆಗಿರುವುದಿಲ್ಲ, ಫ್ಯಾನು ಮಾತ್ರ ಓಡಲು ಶುರು. ಮ್ಯಾನೇಜರ ಮೇಲ್ ಬಂದದ್ದೇ ತಡ, ಓದದೆ ಇಡೀ ತಂಡಕ್ಕೆ ಫಾರ್ವರ್ಡ್ ಮಾಡಿ ಗಾಬರಿ ಎಬ್ಬಿಸುವ ಟೀಮ್ ಲೀಡ್‌ಗಳಿರುತ್ತಾರಲ್ಲ, ಅಂಥ ಸ್ವಭಾವ.

ಎಲೆಕ್ಟ್ರಾನಿಕ್ ಸಿಟಿಯಿಂದ ಬಂದವನು ನನ್ನ ಬಾಮೈದ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರೋಡಿನಲ್ಲಿ ಇಳಿದು ಹಸಿರು ಹತ್ತಿದರೆ ನೇರ ಪೀಣ್ಯ. ಹಾಗಾಗಿ ಅವನ ಭೇಟಿಗಳು ಹೆಚ್ಚಿವೆ. ಸರ್ಕ್ಯೂಟ್ ಬೋರ್ಡುಗಳ ನಡುವೆ ದಿನ ಕಳೆಯುವವನು. ಬಂದವನೇ ಗಾಜು ಬಿಚ್ಚಿ, ತಂತಿ ಎಣಿಸಿ, “ಭಾವ, ನಿಮಗೆ ಮಿಕ್ಸ್ ಮಾಡಿ ಕೊಟ್ಟಿದ್ದಾನೆ” ಎಂದ. ಪ್ರೊಸೆಸರಿನ ಫ್ಯಾನಿಗೆ ನಾಲ್ಕು ತಂತಿ, ಡಬ್ಬಿಯ ಫ್ಯಾನುಗಳಿಗೆ ಮೂರು. ಒಂದು ತಂತಿ ನೆಗೆಟಿವ್, ಒಂದು 12 ವೋಲ್ಟು, ಇನ್ನೊಂದು ಎಷ್ಟು ಸುತ್ತಿದೆನೆಂದು ವರದಿ ಒಪ್ಪಿಸುವುದು. ಇಷ್ಟು ಇಬ್ಬರಿಗೂ ಸಮ. ಎಷ್ಟು ಸುತ್ತಬೇಕೆಂಬ ಆಜ್ಞೆ ಬರುವುದು ನಾಲ್ಕನೆಯ ತಂತಿಯಲ್ಲಿ. ಮೂರು ತಂತಿಯದು ವರದಿ ಕೊಡುತ್ತದೆ, ಆಜ್ಞೆ ಅದಕ್ಕೆ ತಲುಪುವುದೇ ಇಲ್ಲ. ಮದರ್‌ಬೋರ್ಡು ನಾಲ್ಕನೆಯ ತಂತಿಯಲ್ಲಿ “ನಿಧಾನ, ನಿಧಾನ” ಎಂದು ಸೆಕೆಂಡಿಗೆ 25,000 ಸಲ ಹೇಳುತ್ತಲೇ ಇರುತ್ತದೆ, ಇವು ಪೂರ್ತಿ ವೇಗದಲ್ಲಿ ಓಡುತ್ತಲೇ ಇರುತ್ತವೆ.

ಆ 25,000ಕ್ಕೂ ಒಂದು ಕಾರಣವಿದೆ. ಮನುಷ್ಯನ ಕಿವಿ 20,000ದ ಆಚೆ ಏನೂ ಕೇಳಿಸಿಕೊಳ್ಳುವುದಿಲ್ಲ. ಆಜ್ಞೆಯ ಸಿಗ್ನಲ್ಲೇ ಕಿಣಿಕಿಣಿ ಎನ್ನಬಾರದೆಂದು ಅಷ್ಟು ಮೇಲಿಟ್ಟಿದ್ದಾರೆ.

ಬಾಮೈದ ಮದರ್‌ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್ ತೆರೆದು ಡಬ್ಬಿಯ ಫ್ಯಾನುಗಳನ್ನು ಪಿಡಬ್ಲ್ಯುಎಂನಿಂದ ಡಿಸಿಗೆ ಬದಲಿಸಿದ. ಅಂದರೆ ಆಜ್ಞೆ ಬಿಟ್ಟು ಸಂಬಳ ಕತ್ತರಿಸುವ ದಾರಿ: ವೋಲ್ಟೇಜನ್ನೇ ಇಳಿಸುವುದು. ಪೂರಾ ಕತ್ತರಿಸಿದರೂ ಕೆಲಸ ನಡೆಯುವುದಿಲ್ಲ. ತಿರುಗುತ್ತಿರುವ ಫ್ಯಾನು ಕಡಿಮೆ ವೋಲ್ಟೇಜಿನಲ್ಲೂ ತಿರುಗುತ್ತಿರುತ್ತದೆ, ನಿಂತದ್ದನ್ನು ಎಬ್ಬಿಸಲು ಮಾತ್ರ ಹೆಚ್ಚು ಬೇಕು. ಹಿಂದಿನ ಫ್ಯಾನು ಒಮ್ಮೆ ಅಲುಗಿ, ಹಿಂದೆ ಸರಿದು, ಮತ್ತೆ ಅಲುಗಿ ನಿಂತೇಬಿಟ್ಟಿತು. ಸ್ವಲ್ಪ ಏರಿಸಿದ ಮೇಲೆ ಹೊರಟಿತು. ಒಟ್ಟಾರೆ ಮನೆಯಲ್ಲಿ ಅರ್ಧ ಶಾಂತಿ ನೆಲೆಸಿತು. ಊಂಂಂ ಮಾತ್ರ ಹೋಗಲಿಲ್ಲ. ಜೊತೆಗೆ ಏರುವ ದಾರಿಯಲ್ಲಿ ಒಂದು ಕಡೆ ತಗಡು ಝುಂಯ್ ಎನ್ನುವುದು ಈಗ ಸ್ಪಷ್ಟವಾಗಿ ಕೇಳಿಸತೊಡಗಿತು.

ಆ ಭಾನುವಾರ ಮಾವ ಬಂದರು.

ಮಾವ ಪೀಣ್ಯದ ಮಷೀನ್ ಶಾಪುಗಳಲ್ಲಿ ಆಯುಷ್ಯ ಸವೆಸಿದವರು. ಲೇತಿನಿಂದ ಶುರುಮಾಡಿ ಮೇಂಟೆನೆನ್ಸಿಗೆ ಬಂದು ಅಲ್ಲೇ ರಿಟೈರಾದರು. ನಮ್ಮ ಡಬ್ಬಿಯ ಮುಂದೆ ಸ್ಟೂಲು ಹಾಕಿಸಿಕೊಂಡು ಕುಳಿತು, ಏನೂ ಮುಟ್ಟದೆ, ಒಂದು ಕಾಫಿ ಮುಗಿಯುವವರೆಗೆ ಬರೀ ಕೇಳಿದರು. ನಾನು ಗ್ರಾಫ್ ತೋರಿಸಹೋದೆ. “ಇರ್ಲಿ ಇರ್ಲಿ ಅಳಿಯಂದ್ರೇ, ಅದು ಓಡೋಗಲ್ಲ” ಎಂದು ಕೈಯಲ್ಲೇ ತಡೆದರು. ಆಮೇಲೆ ಚೀಲದಿಂದ ಒಂದು ಮೊಳದುದ್ದದ ಸ್ಕ್ರೂ ಡ್ರೈವರ್ ತೆಗೆದರು. ಹಿಡಿಯ ಹಳದಿ ಬಣ್ಣ ಬೆರಳು ಕೂರುವಲ್ಲೆಲ್ಲ ಸವೆದು ಮಾಸಿತ್ತು. ತುದಿಯನ್ನು ಹಿಂದಿನ ಜಾಲರಿಯ ಮೂಲೆಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿದರು. ಬೇರಿಂಗು ನೋಡುವ ಹಳೇ ಪದ್ಧತಿ. ಬೇರೆ ಸದ್ದೆಲ್ಲ ಹೊರಗುಳಿದು ಕಬ್ಬಿಣದ ಮೂಲಕ ಒಳಗಿನದಷ್ಟೇ ಬರುತ್ತದೆ. ಹಾಲಿನಲ್ಲಿದ್ದ ನನ್ನ ಮಗಳು ಟೀವಿ ಆರಿಸಿ ಬಂದು, “ತಾತ ಡಾಕ್ಟ್ರಾ?” ಎಂದು ಕೇಳಿದಳು.

“ಬೇರಿಂಗ್ ಹೋಗಿಲ್ಲ ಬಿಡಿ” ಎಂದರು ಕಣ್ಣು ತೆರೆದು. “ಹೋಗಿದ್ರೆ ಗರಗರ ಅಂತಿತ್ತು. ಬುಷ್ ಒಣಗಿದ್ರೆ ಬೆಳಗ್ಗೆ ಆನ್ ಮಾಡ್ದಾಗ ಕಿರ್ ಅಂದು ಬಿಸಿಯಾದ್ಮೇಲೆ ಸುಮ್ನಾಗುತ್ತೆ. ಇದು ಹಂಟಿಂಗ್ ಹೊಡೀತಿದೆ.”

ಡೀಸೆಲ್ ಜನರೇಟರಿನ ಗವರ್ನರು ಸರಿಯಿಲ್ಲದಿದ್ದರೆ ಎಂಜಿನ್ನು ಏರಿ ಇಳಿದು ಏರಿ ಇಳಿದು ಓಡುತ್ತದೆ. ಅದಕ್ಕೆ ಮೆಕ್ಯಾನಿಕ್ಕುಗಳು ಹಂಟಿಂಗ್ ಅನ್ನುತ್ತಾರೆ. ಕಾಯಿಲೆ ಹಳೆಯದು. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಎರಡು ಗುಂಡುಗಳ ಗವರ್ನರ್ ಜೋಡಿಸಿದ. ವೇಗ ಹೆಚ್ಚಾದರೆ ಗುಂಡುಗಳು ಅಗಲಕ್ಕೆ ಹಾರಿ ಉಗಿಯನ್ನು ತಡೆಯುತ್ತಿದ್ದವು. ಕೆಲವು ಯಂತ್ರಗಳು ಒಂದೇ ಸಮ ಓಡದೆ ತೊನೆಯುವುದೇಕೆಂದು 1868ರಲ್ಲಿ ಮ್ಯಾಕ್ಸ್‌ವೆಲ್ ಗವರ್ನರುಗಳ ಮೇಲೊಂದು ಪ್ರಬಂಧವನ್ನೇ ಬರೆದ. ವಿದ್ಯುತ್ತು, ಬೆಳಕು ಎರಡನ್ನೂ ಒಂದೇ ಸಮೀಕರಣಗಳಲ್ಲಿ ಹಿಡಿದ ಆ ಮಹಾಶಯನೇ ತಲೆ ಕೆಡಿಸಿಕೊಂಡ ಮೇಲೆ ಎಸ್.ಪಿ. ರೋಡಿನ ಹುಡುಗನನ್ನು ಬಯ್ದು ಏನು ಪ್ರಯೋಜನ? ನನ್ನ ಫ್ಯಾನಿನ ಹಂಟಿಂಗ್ ತುಸು ಬೇರೆ ಜಾತಿಯದಾದರೂ ಮಾವನ ಕಿವಿಗೆ ಗೋತ್ರ ಸಿಕ್ಕಿತು.

“ಡ್ಯಾಂಪಿಂಗ್ ಕೊಡಿ. ಬಿಸಿ ಏರಿದ್ ತಕ್ಷಣ ಓಡ್ಬೇಡ ಅನ್ನಿ, ನಾಲ್ಕು ಸೆಕೆಂಡ್ ಕಾದು ನೋಡು ಅನ್ನಿ.”

ಬಯಾಸಿನಲ್ಲಿ ಆ ಸೌಲಭ್ಯ ಇದೆ: ವೇಗ ಏರಿಸುವ ಮುನ್ನ ಎಷ್ಟು ಕಾಯಬೇಕು, ಇಳಿಸುವ ಮುನ್ನ ಎಷ್ಟು. ನಾನು ಅದನ್ನು ಹಾಕಿ, ಅರವತ್ತು ಡಿಗ್ರಿಯವರೆಗೆ ಒಂದೇ ವೇಗವೆಂದು ಶಾಖಕ್ಕೆ ತಕ್ಕಂತೆ ವೇಗ ಗೊತ್ತುಮಾಡುವ ಗೆರೆಯನ್ನು ಮಟ್ಟಸ ಮಾಡಿದೆ. ಅರವತ್ತು ಎಂದರೆ ಗಾಬರಿಯಾಗುವವರಿದ್ದಾರೆ. ಈಗಿನ ಪ್ರೊಸೆಸರುಗಳು 95, 100 ಡಿಗ್ರಿ ಮುಟ್ಟುವ ತನಕ ತಮ್ಮ ವೇಗ ತಗ್ಗಿಸಿಕೊಳ್ಳುವುದಿಲ್ಲ. ನಲವತ್ತರಲ್ಲೇ ಇಡಬೇಕೆಂದು ಫ್ಯಾನುಗಳನ್ನು ದಂಡಿಸುವುದು ಅನಗತ್ಯ ಮಡಿ.

ಇನ್ನು ಝುಂಯ್. ಮಾವ ಒಂದು ಪೆನ್ನು ಕೇಳಿದರು, ಬರೆಯಲಿಲ್ಲ, ಕಿವಿಯ ಮೇಲೆ ಸಿಕ್ಕಿಸಿಕೊಂಡರು. “ಎಷ್ಟು ರೆಕ್ಕೆ? ಏಳು. ಸದ್ದು ಬರೋವಾಗ ಎಷ್ಟು ಆರ್‌ಪಿಎಂ?” ನೀಲಿ ಗೆರೆ ನೋಡಿ 1200 ಎಂದೆ, ವೈಟ್‌ಫೀಲ್ಡಿನ ಡೇಟಾ ಕೊನೆಗೂ ಉಪಯೋಗಕ್ಕೆ ಬಂತು. “ಸೆಕೆಂಡಿಗೆ ಇಪ್ಪತ್ತು ಸುತ್ತು. ಏಳ್ ಇಪ್ಪತ್ಲೆ ನೂರಾ ನಲವತ್ತು ಏಟು. ನಿಮ್ಮ ತಗಡಿಗೆ ಆ ನೂರಾ ನಲವತ್ತು ಇಷ್ಟ, ಅದಕ್ಕೇ ಹಾಡುತ್ತೆ.” ತಗಡಿನ ನಡುವೆ ಅಂಗೈ ಊರಿದರು. ಹಾಡು ನಿಂತಿತು. ತೆಗೆದರು, ಹಾಡಿತು.

ಕಾರ್ಖಾನೆಗಳಲ್ಲಿ ಮೋಟಾರಿಗೆ ಡ್ರೈವ್ ಕೂರಿಸುವಾಗ, ಯಾವ ವೇಗದಲ್ಲಿ ಮಷೀನು ನಡುಗುತ್ತದೋ ಅಲ್ಲಿ ನಿಲ್ಲದೆ ದಾಟಿಹೋಗು ಎಂದು ಸೆಟ್ ಮಾಡುವ ಪದ್ಧತಿ ಇದೆ. ಅದೇ ಬುದ್ಧಿಯನ್ನು ಇಲ್ಲೂ ಓಡಿಸಿದೆವು. ನನ್ನ ಗೆರೆ 1200ರ ಹತ್ತಿರ ಕಡಿದಾದ ಏರು ಹತ್ತಿ ದಾಟಿಬಿಡುತ್ತದೆ, ತಂಗುವುದಿಲ್ಲ. ಅದರ ಮೇಲೆ ಮಾವ ಹಳೇ ಸೈಕಲ್ ಟ್ಯೂಬು ತರಿಸಿ, ಕತ್ತರಿಯಲ್ಲಿ ಕಾಸಿನಗಲ ಕತ್ತರಿಸಿ, ನಡುವೆ ತೂತು ಮಾಡಿ, ಫ್ಯಾನಿಗೂ ಡಬ್ಬಿಗೂ ನಡುವೆ ವಾಷರ್ ಇಟ್ಟರು. ಸ್ಕ್ರೂ ಬಿಗಿ ಮಾಡುವಾಗ, “ಉಸಿರು ಕಟ್ಟೋ ಹಾಗೆ ಬಿಗೀಬಾರ್ದು” ಎಂದರು. ರಬ್ಬರು ಚಪ್ಪಟೆಯಾದರೆ ಅದೂ ತಗಡೇ.

ಫ್ಯಾನಿನ ವೇಗ ಅರ್ಧವಾದರೆ ಗಾಳಿ ಅರ್ಧ, ಸದ್ದು ಸುಮಾರು 15 ಡೆಸಿಬೆಲ್ ಇಳಿಕೆ. ಅಂಥದೇ ಇನ್ನೊಂದು ಫ್ಯಾನು ಸೇರಿಸಿದರೆ ಸದ್ದು ಏರುವುದು ಬರೀ 3. ಅಂದರೆ ಒಬ್ಬನನ್ನು ಓಡಿಸುವ ಬದಲು ಇಬ್ಬರನ್ನು ನಿಧಾನವಾಗಿ ನಡೆಸಿದರೆ ಕೆಲಸ ಹೆಚ್ಚುಕಡಿಮೆ ಅಷ್ಟೇ, ಗಲಾಟೆ ಎಷ್ಟೋ ಕಡಿಮೆ. ಇದನ್ನು ವೈಟ್‌ಫೀಲ್ಡಿನವನಿಗೆ ಹೇಳಿದೆ. ನಮ್ಮ ಪ್ರಾಜೆಕ್ಟಿನಲ್ಲಿ ಇನ್ನೊಬ್ಬನನ್ನು ಸೇರಿಸಿದ ದಿನದಿಂದ ಆಗಿರುವುದನ್ನು ನೋಡಿದರೆ ಈ ಸೂತ್ರ ಮನುಷ್ಯರಿಗೆ ಹೊಂದುವುದಿಲ್ಲ ಎಂದ.

ಪಕ್ಕದ ಮನೆಯವರ ಸಲಹೆಯೊಂದನ್ನು ಮಾವ ಕಟುವಾಗಿ ತಳ್ಳಿಹಾಕಿದರು: ಡಬ್ಬಿಯನ್ನು ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿ ಧೂಳು ತೆಗೆಸುವುದು. ಆ ಗಾಳಿಯ ಜೊತೆ ಟ್ಯಾಂಕಿನ ನೀರು, ಎಣ್ಣೆ ಎರಡೂ ಬರುತ್ತವೆ. ಜೊತೆಗೆ ರೆಕ್ಕೆಯನ್ನು ಬೆರಳಲ್ಲಿ ಹಿಡಿಯದೆ ಹೊಡೆದರೆ ಫ್ಯಾನು ಹುಟ್ಟಿದಾರಭ್ಯ ಕಾಣದ ವೇಗಕ್ಕೆ ತಿರುಗಿ ಬೇರಿಂಗು ನಿಜಕ್ಕೂ ಹೋಗುತ್ತದೆ. ತುಮಕೂರು ರಸ್ತೆಯ ಧೂಳಿಗೆ ಪೇಂಟಿಂಗ್ ಬ್ರಷ್ಷೇ ಸಾಕು.

ಒಂದು ವಿಷಯದಲ್ಲಿ ಮಾತ್ರ ಮೂರೂ ದಿಕ್ಕಿನವರಿಗೆ ಒಮ್ಮತ: ಈ ಊರಿನ ಬೇಸಿಗೆ ಮೊದಲಿನಂತಿಲ್ಲ. ಸೀಲಿಂಗ್ ಫ್ಯಾನೇ ಇಲ್ಲದ ಮನೆಗಳಿದ್ದ ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಬಂತು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ಗಾಳಿಯೂ ತೆಳು. ಅಷ್ಟೇ ಸುತ್ತಿದರೂ ಫ್ಯಾನು ಹೊತ್ತೊಯ್ಯುವ ಗಾಳಿ ಚೆನ್ನೈಗಿಂತ ನೂರಕ್ಕೆ ಎಂಟೊಂಬತ್ತು ಪಾಲು ಕಡಿಮೆ. ಡಿಸೆಂಬರಿನಲ್ಲಿ ಎಳೆದ ಗೆರೆಯನ್ನು ಮಾರ್ಚಿನಲ್ಲಿ ತಿದ್ದಬೇಕು. ಬಾಮೈದ ಅದಕ್ಕೂ ಒಂದು ಕಾರಣ ಮಾಡಿಕೊಂಡು ಬರುತ್ತಾನೆ.

ಫ್ಯಾನು ಸುಮ್ಮನಾದ ಮೇಲೆ ಮಾವನಿಗೆ ಸ್ಕ್ರೂ ಡ್ರೈವರ್ ಒಳಗಿಡಲು ಮನಸ್ಸಾಗಲಿಲ್ಲ. ಫ್ರಿಜ್ಜಿಗೆ ಇಟ್ಟು ನೋಡಿದರು, ಪರವಾಗಿಲ್ಲವಂತೆ. ಮಿಕ್ಸಿಗೆ ಆಯುಷ್ಯ ಕಮ್ಮಿಯಂತೆ. ಕೆಳಗಿಳಿದು ಸಂಪಿನ ಮೋಟಾರಿಗೆ ಆನಿಸಿ, ಹಿಂದಿನ ಬೇರಿಂಗು ಇನ್ನೊಂದು ತಿಂಗಳು ನಿಲ್ಲುವುದಿಲ್ಲ ಎಂದು ವಾಚ್‌ಮನ್ ಎದುರಿಗೇ ಸಾರಿಬಿಟ್ಟರು. ಅಷ್ಟು ದಿನವೂ ನಿಲ್ಲಲಿಲ್ಲ. ನೀರಿಲ್ಲದ ಆ ಬೆಳಗ್ಗೆಯಿಂದ ಅಸೋಸಿಯೇಷನ್ನಿನ ಸೆಕ್ರೆಟರಿಗೆ ಅವರ ಮೇಲೆ ಭಾರೀ ಭಕ್ತಿ. ಮೊನ್ನೆ ಮೆಟ್ಟಿಲ ಬಳಿ ನನ್ನನ್ನು ತಡೆದು, “ಸಾರ್, ನಿಮ್ಮ ಮಾವ ಯಾವಾಗ ಬರ್ತಾರೆ? ಲಿಫ್ಟು ಎರಡನೇ ಫ್ಲೋರಲ್ಲಿ ಒಂಥರಾ ಅಂತಿದೆ” ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಬರ್ಲಿ. ಆದ್ರೆ ಲಿಫ್ಟಿನೊಳಗೆ ಕಾಫಿ ಯಾರು ಕೊಡ್ತಾರೆ ಅಂತ ಮೊದ್ಲು ಕೇಳ್ಕೊಳಿ” ಎಂದಳು.